ಬಚ್ಚಲ ಒಲೆಯಲ್ಲಿ ಹೊಗೆ ಕಾಣದ ಎರಡು ದಿನ

ಸದಸ್ಯಬಾಂಧವರು ನಮ್ಮನ್ನು ಕಂಡಾಗ ಕೇಳುವುದು ಸಾಮಾನ್ಯವಾಗಿ ಅಡಕೆಯ ಧಾರಣೆ, ಕಾಫಿಯ ಧಾರಣೆ, ಇಲ್ಲವೇ ಬೆಳೆಸಾಲದ ಕಂತು. ಈ ಸಂಚಿಕೆಯ ಇಷ್ಟು ಪುಟಗಳನ್ನು ಆ ಮೂರನ್ನೂ ಬಿಟ್ಟು ಬೇರೊಂದು ವಿಷಯಕ್ಕೆ ತೆಗೆದುಕೊಂಡಿದ್ದೇವೆ. ಇದು ನಮ್ಮದೇ ತಪ್ಪಿನ ಕಥೆಯಾದ್ದರಿಂದ ಬರೆಯಲು ಸ್ವಲ್ಪ ಸಂಕೋಚವೂ ಇದೆ. ಆದರೆ ನಮ್ಮಂತೆಯೇ ತಪ್ಪುವವರು ಈ ಭದ್ರಾ ತೀರದ ತೋಟಗಳಲ್ಲಿ ಇನ್ನೂ ಹಲವರಿದ್ದಾರೆಂಬ ಅನುಮಾನ ನಮಗಿದೆ.

ನಮ್ಮ ತೋಟದ ಹಳ್ಳದಾಚೆಗೆ ಒಬ್ಬ ಹಿರಿಯ ಗೌಡರ ಮನೆ. ವಯಸ್ಸು ಎಂಬತ್ತು ದಾಟಿದೆ. ಮನೆಯವರು ತೀರಿಕೊಂಡು ಆರು ವರ್ಷ. ಮಗ ಬೆಂಗಳೂರು, ಮಗಳು ಅಮೆರಿಕ. ಐದು ಎಕರೆ ಅಡಕೆ, ಅದರ ನಡುವೆ ಕಾಫಿ, ಮರಕ್ಕೆ ಹಬ್ಬಿದ ಮೆಣಸು, ಕೊಟ್ಟಿಗೆಯಲ್ಲಿ ಒಂದೇ ಒಂದು ಹಸು. ಮಗ ಎಷ್ಟು ಕರೆದರೂ ಪೇಟೆಗೆ ಹೋಗದ ಜೀವ. ಸಂತೆಯ ದಿನ ತಪ್ಪದೆ ನಮ್ಮ ಸಂಘದ ಕಛೇರಿಗೆ ಬಂದು, ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಳಿತು, ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ನಾವು ಬರೆದ ಸಭೆಯ ನಡಾವಳಿಯಲ್ಲಿ ಕಾಗುಣಿತದ ತಪ್ಪು ಹುಡುಕಿ ಕೊಟ್ಟು ಹೋಗುವವರು.

2025ರ ಸಂಕ್ರಾಂತಿಯ ವಾರ ಅವರು ಬರಲಿಲ್ಲ. ರೊಬಸ್ಟಾ ಕೊಯ್ಲು ಭರದಿಂದ ನಡೆದಿತ್ತು. ಕಣದಲ್ಲಿ ಹಣ್ಣು ಹರಡಲು ಜಾಗವಿಲ್ಲ, ಆಳುಗಳ ಲೆಕ್ಕ, ಚೀಲಗಳ ಲೆಕ್ಕ. ಬೆಂಚು ಖಾಲಿಯಿರುವುದನ್ನು ನಾವು ಕಂಡೆವು. ಹಬ್ಬಕ್ಕೆ ಮಗನ ಮನೆಗೆ ಹೋಗಿರಬೇಕು ಎಂದುಕೊಂಡೆವು. ಒಮ್ಮೆ ಫೋನು ಮಾಡಿದೆವು, ಸಿಗಲಿಲ್ಲ. ನಮ್ಮ ಕಡೆ ಫೋನು ಸಿಗದಿರುವುದು ಸುದ್ದಿಯೇ ಅಲ್ಲವಲ್ಲ! ಅಲ್ಲಿಗೆ ಆ ವಿಚಾರ ಮರೆತೇಹೋಯಿತು. ಮುಂದಿನ ಎರಡು ದಿನಗಳಲ್ಲಿ ಅವರ ಮನೆಯ ಪಕ್ಕದ ರಸ್ತೆಯಲ್ಲಿ ನಮ್ಮ ಜೀಪು ಮೂರು ಸಲ ಓಡಾಡಿದೆ.

ಎಚ್ಚರಿಸಿದವಳು ನಮ್ಮ ಲೈನ್ ಮನೆಯಲ್ಲಿರುವ ಹುಲಿಗಿಯ ಹೆಣ್ಣುಮಗಳು. ಕೊಪ್ಪಳ ಜಿಲ್ಲೆಯ ಹುಲಿಗಿ, ತುಂಗಭದ್ರಾ ಅಣೆಕಟ್ಟೆಯ ಕೆಳಗಿನ ಊರು. ಗಂಡ ಮಕ್ಕಳೊಂದಿಗೆ ಕೆಲವು ವರ್ಷಗಳಿಂದ ನಮ್ಮಲ್ಲೇ ಕೆಲಸಕ್ಕಿದ್ದಾಳೆ. ಬೆಳಿಗ್ಗೆ ಹಾಜರಿ ಹಾಕುವ ಹೊತ್ತಿಗೆ ಬಂದು ನಿಂತಳು.

"ಸಾವ್ಕಾರ್ರ, ಆ ಅಜ್ಜಾರ ಬಚ್ಚಲದಾಗ ಹೊಗಿ ಕಾಣವಲ್ದ್ರೀ. ಇವತ್ತಿಗೆ ಎರಡು ದಿನ ಆತು."

"ಮಗನ ಮನೆಗೆ ಹೋಗಿರಬೇಕು, ಬಿಡಮ್ಮ" ಎಂದೆವು.

"ಊರಿಗೆ ಹೋಗಿದ್ರ ಆಕಳಾ ಯಾಕ ಒದರ್ತದ್ರೀ? ನಿನ್ನೆ ರಾತ್ರಿಯಿಂದ ಒದರಾಕತ್ತೇತಿ."

ಈ ಮಾತು ಕೇಳಿದ ಮೇಲೆ ನಮಗೆ ಉತ್ತರ ಉಳಿಯಲಿಲ್ಲ. ಜನವರಿಯ ಚಳಿಯಲ್ಲಿ ಎಂಬತ್ತು ದಾಟಿದವರ ಬಚ್ಚಲ ಒಲೆ ಉರಿಯದೆ ಇರುವುದುಂಟೆ? ದರಗು, ಅಡಕೆ ಸೋಗೆ, ಒಣ ಕಟ್ಟಿಗೆ ಒಟ್ಟಿ, ಕೋಳಿ ಕೂಗುವ ಹೊತ್ತಿಗೆ ಹಂಡೆಗೆ ಬೆಂಕಿ ಹಾಕುವುದು ಗೌಡರ ಐವತ್ತು ವರ್ಷದ ರೂಢಿ. ಹಸು ಕರೆಯುವ ಆಳು ಹಬ್ಬಕ್ಕೆಂದು ಊರಿಗೆ ಹೋಗಿದ್ದ.

ರೈಟರನ್ನೂ ಇಬ್ಬರು ಹುಡುಗರನ್ನೂ ಕರೆದುಕೊಂಡು ಹಳ್ಳ ದಾಟಿ ಹೋದೆವು. ಮುಂಬಾಗಿಲಿಗೆ ಒಳಗಿನಿಂದ ಅಗುಳಿ. ಹಿಂಬಾಗಿಲಿಗೂ ಅಗುಳಿ. ಕೂಗಿದೆವು, ಉತ್ತರವಿಲ್ಲ. ಜಗುಲಿಯ ಮೇಲೆ ಎರಡು ದಿನದ ಪತ್ರಿಕೆ ಬಿದ್ದಿತ್ತು. ಇಷ್ಟಾದರೂ ಬಾಗಿಲು ಒಡೆಯಲು ಕೈ ಬರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಹಿರಿಯರ ಮನೆ, ಒಳಗೆ ಮಲಗಿದ್ದರೆ ಏನೆಂದುಕೊಂಡಾರು, ಮಗ ನಾಳೆ ಏನೆಂದಾನು, ಯಾವುದಾದರೂ ಸಾಮಾನು ಕಾಣದೆ ಹೋದರೆ ಯಾರ ಮೇಲೆ ಬಂದೀತು ಎಂದು ಅಂಗಳದಲ್ಲಿ ನಿಂತು ಹತ್ತು ನಿಮಿಷ ಚರ್ಚೆ ಮಾಡಿದೆವು. ಆ ಹತ್ತು ನಿಮಿಷವೂ ಕೊಟ್ಟಿಗೆಯಲ್ಲಿ ಹಸು ಕೂಗುತ್ತಲೇ ಇತ್ತು. ಕೊನೆಗೆ ಬಚ್ಚಲಿನ ಮಾಡಿನ ನಾಲ್ಕು ಹಂಚು ಸರಿಸಿ ಒಬ್ಬ ಹುಡುಗನನ್ನು ಒಳಗಿಳಿಸಿದೆವು. ಅವನು ಒಳಗಿನಿಂದ ಕೂಗಿದ ಕೂಗು ಈಗಲೂ ಕಿವಿಯಲ್ಲಿದೆ. "ಇದಾರೆ, ಜೀವ ಇದೆ."

ಅಡಿಗೆಮನೆಗೂ ಬಚ್ಚಲಿಗೂ ನಡುವಿನ ಸಿಮೆಂಟು ನೆಲದ ಮೇಲೆ ಬಿದ್ದಿದ್ದರು. ಬೆಂಕಿ ಹಾಕಲು ಹೋಗುವಾಗ ಕಾಲು ಜಾರಿ ಸೊಂಟದ ಮೂಳೆ ಮುರಿದಿತ್ತು. ತೆವಳಲೂ ಆಗದೆ, ಕೈಗೆಟುಕಿದ ಒಂದು ಚೊಂಬು ನೀರನ್ನು ಎರಡು ದಿನ ಗುಟುಕು ಗುಟುಕಾಗಿ ಕುಡಿದು ಉಳಿದಿದ್ದರು. 108ಕ್ಕೆ ಹೇಳಿದೆವು. ಆಂಬುಲೆನ್ಸ್ ಡಾಂಬರು ರಸ್ತೆಯವರೆಗೆ ಬರಬಲ್ಲುದಾಗಿತ್ತು. ಅಲ್ಲಿಯವರೆಗೆ ಹಲಗೆಯ ಮೇಲೆ ಕಂಬಳಿ ಹಾಸಿ ಹೊತ್ತುಕೊಂಡು ಹೋದೆವು. ಶಸ್ತ್ರಚಿಕಿತ್ಸೆಯಾಯಿತು, ಬದುಕಿದರು. ಈಗ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾರೆ, ನಡೆಯಲು ವಾಕರ್ ಬೇಕು. ತೋಟವನ್ನು ಬೇರೆಯವರು ನೋಡಿಕೊಳ್ಳುತ್ತಿದ್ದಾರೆ.

ಆಸ್ಪತ್ರೆಯಲ್ಲಿ ನೋಡಲು ಹೋದಾಗ ಗೌಡರು ನಮ್ಮ ಕೈ ಹಿಡಿದುಕೊಂಡು ಹೇಳಿದ್ದು ಇಷ್ಟೆ: "ನಿಮ್ಮ ಜೀಪು ಹೋಗಿದ್ದು ಮೂರು ಸಲ ಕೇಳಿಸ್ತು ಮಾರಾಯ್ರೆ. ಕೂಗಿದೆ. ಗಂಟಲಲ್ಲಿ ದನಿಯೇ ಇರಲಿಲ್ಲ." ಅವರು ದೂರಲಿಲ್ಲ. ದೂರಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಬಿದ್ದ ಪೆಟ್ಟಿಗಿಂತ ಬಿದ್ದಲ್ಲೇ ಉಳಿಯುವುದು ಹೆಚ್ಚು ಅಪಾಯವೆಂದು ವೈದ್ಯರು ನಮಗೆ ತಿಳಿಸಿ ಹೇಳಿದರು. ಒಂದೇ ಮಗ್ಗುಲಲ್ಲಿ ಗಂಟೆಗಟ್ಟಲೆ ಬಿದ್ದಿದ್ದರೆ ಮೈಭಾರಕ್ಕೆ ಸಿಕ್ಕಿದ ಮಾಂಸಖಂಡ ನಶಿಸಿ, ಅದರೊಳಗಿನ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಚರ್ಮದಲ್ಲಿ ಹುಣ್ಣಾಗುತ್ತದೆ, ಮೈ ತಣ್ಣಗಾಗುತ್ತದೆ, ನೀರಿಲ್ಲದೆ ಬುದ್ಧಿ ಮಂಕಾಗುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವೈದ್ಯರು ಮನೆಯಲ್ಲಿ ಬಿದ್ದ ವೃದ್ಧರನ್ನು ಗಮನಿಸಿ 1981ರಲ್ಲಿ ಒಂದು ವರದಿ ಪ್ರಕಟಿಸಿದರು. ಒಂದು ಗಂಟೆಗಿಂತ ಹೆಚ್ಚು ಹೊತ್ತು ನೆಲದ ಮೇಲೆ ಉಳಿದವರಲ್ಲಿ ಅರ್ಧದಷ್ಟು ಮಂದಿ ಆರು ತಿಂಗಳೊಳಗೆ ತೀರಿಕೊಂಡಿದ್ದರೆಂದು ಅದರಲ್ಲಿದೆ. ಅವರ ಲೆಕ್ಕ ಗಂಟೆಯದು. ನಮ್ಮ ಗೌಡರದು ಎರಡು ದಿನ.

ಹಿಂದೆ ಹೀಗಾಗುತ್ತಿರಲಿಲ್ಲವೆ ಎಂದು ಸಂಘದ ಸಭೆಯಲ್ಲಿ ಒಬ್ಬರು ಕೇಳಿದರು. ಆಗುತ್ತಿತ್ತು, ಆದರೆ ಬೇಗ ಗೊತ್ತಾಗುತ್ತಿತ್ತು. ಹಿಂದಿನವರು ನಮಗಿಂತ ಒಳ್ಳೆಯವರಾಗಿದ್ದರೆಂಬ ಮಾತನ್ನು ನಾವು ಒಪ್ಪುವುದಿಲ್ಲ, ಹಳ್ಳದ ನೀರಿಗಾಗಿ ಕೋರ್ಟು ಕಂಡ ಹಿರಿಯರನ್ನೆಲ್ಲ ನಾವು ಬಲ್ಲೆವು. ಒಬ್ಬರ ಮನೆಗೆ ಒಬ್ಬರು ಹೋಗಲೇಬೇಕಾದ ಕೆಲಸಗಳು ಆಗ ಇದ್ದವು, ಅಷ್ಟೆ. ಮುಯ್ಯಾಳಿಗೆ ಕರೆಯಬೇಕಿತ್ತು. ಅಡಕೆ ಸುಲಿಯಲು ರಾತ್ರಿ ನಾಲ್ಕು ಮನೆಯವರು ಸೇರಬೇಕಿತ್ತು. ಹೆಪ್ಪಿಗೆ ಮಜ್ಜಿಗೆ, ಹೊಲಿಗೆಗೆ ಸೂಜಿ, ಬಾವಿಯ ಹಗ್ಗ, ಕೊನೆ ತೆಗೆಯುವ ದೋಟಿ, ಏನಾದರೂ ಒಂದು ಬೇಕಾಗುತ್ತಿತ್ತು. ಅಂಚೆಯವನು ಕಾಗದ ತಂದು ಒಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದ. ಈಗ ಧಾರಣೆ ಮೊಬೈಲಿಗೆ ಬರುತ್ತದೆ, ಹಣ ಖಾತೆಗೆ ಬರುತ್ತದೆ, ಸಾಮಾನು ಆಟೋದಲ್ಲಿ ಬರುತ್ತದೆ. ಇವೆಲ್ಲ ಅನುಕೂಲವೇ. ಸದಸ್ಯರು ಕಛೇರಿಗೆ ಅಲೆಯದಂತೆ ಮಾಡಿದ್ದು ನಮ್ಮ ಸಂಘದ ಸಾಧನೆಯೆಂದು ವಾರ್ಷಿಕ ವರದಿಯಲ್ಲಿ ನಾವೇ ಬರೆದಿದ್ದೇವೆ. ಅಲೆಯುವುದು ನಿಂತಾಗ ಅದರ ಜೊತೆಯಲ್ಲಿ ಇನ್ನೇನು ನಿಂತಿತೆಂಬುದನ್ನು ಆ ವರದಿಯಲ್ಲಿ ಬರೆದಿರಲಿಲ್ಲ.

ತೋಟದ ಮನೆಗಳು ದೂರ ದೂರ, ಅದಕ್ಕೇ ಹೀಗೆ ಎನ್ನುವವರೂ ಇದ್ದಾರೆ. ಅವರು ಚಿತ್ರದುರ್ಗದ ಸಂಗತಿಯನ್ನು ನೆನೆಯಬೇಕು. 2023ರ ಡಿಸೆಂಬರ್ ಕೊನೆಯಲ್ಲಿ ಆ ಪಟ್ಟಣದೊಳಗಿನ ಒಂದು ಹಳೆಯ ಮನೆಯಲ್ಲಿ ಒಂದೇ ಕುಟುಂಬದ ಐವರ ಅಸ್ಥಿಪಂಜರಗಳು ಸಿಕ್ಕವು. ಸರ್ಕಾರಿ ಇಂಜಿನಿಯರಾಗಿ ನಿವೃತ್ತರಾದ ವೃದ್ಧರು, ಅವರ ಪತ್ನಿ, ನಡುವಯಸ್ಸು ದಾಟಿದ ಮಕ್ಕಳು. ನೆರೆಯವರು ಅವರನ್ನು ಕೊನೆಯದಾಗಿ ಕಂಡದ್ದು 2019ರ ನಡುವಿನಲ್ಲಿ ಎಂದು ಪತ್ರಿಕೆಗಳು ಬರೆದವು. ಅವರು ಯಾರೊಂದಿಗೂ ಬೆರೆಯುತ್ತಿರಲಿಲ್ಲವಂತೆ. ಬೇರೆಲ್ಲಿಗೋ ಹೋಗಿರಬೇಕೆಂದು ಜನ ತಿಳಿದಿದ್ದರಂತೆ. ಮನೆಯ ಬಾಗಿಲು ಮುರಿದಿದ್ದನ್ನು ಸುಮಾರು ಎರಡು ತಿಂಗಳ ಮೊದಲೇ ಬೆಳಗಿನ ವಾಯುವಿಹಾರದವರು ನೋಡಿದ್ದರೆಂದೂ ಆಗ ಪೊಲೀಸರಿಗೆ ತಿಳಿಸಿದವರಿಲ್ಲವೆಂದೂ ವರದಿಯಾಯಿತು. ಆ ಸುದ್ದಿಯನ್ನು ನಾವು ಗೌಡರ ಪಕ್ಕ ಕುಳಿತೇ ಕಛೇರಿಯಲ್ಲಿ ಓದಿದ್ದೆವು. "ಅಕ್ಕಪಕ್ಕದವರಿಗೆ ಕಣ್ಣಿರಲಿಲ್ಲವೇ?" ಎಂದು ನಾವೇ ಹೇಳಿದ್ದೆವು. ಅವರೂ ನಮ್ಮಂತೆಯೇ "ಎಲ್ಲಿಗೋ ಹೋಗಿರಬೇಕು" ಎಂದುಕೊಂಡಿದ್ದರು.

ಒಂಟಿ ಹಿರಿಯರು ಈಗ ಅಪರೂಪವೂ ಅಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅರವತ್ತು ದಾಟಿದವರು ನೂರಕ್ಕೆ ಒಂಬತ್ತೂವರೆ. ಕೇಂದ್ರ ಆರೋಗ್ಯ ಇಲಾಖೆ 2017-18ರಲ್ಲಿ ದೇಶದ ಹಿರಿಯರನ್ನು ಕುರಿತು ನಡೆಸಿದ ದೊಡ್ಡ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ಆರು ಮಂದಿ ಒಬ್ಬರೇ ಇರುವವರು, ಇಪ್ಪತ್ತರಷ್ಟು ಮಂದಿ ಗಂಡ ಹೆಂಡತಿ ಇಬ್ಬರೇ ಇರುವವರು ಎಂದು ಕಂಡುಬಂತು. ಮಲೆನಾಡಿನ ತೋಟದ ಮನೆಗಳ ಜಗುಲಿ ನೋಡಿದವರಿಗೆ ಈ ಅಂಕಿ ಕಡಿಮೆಯಾಯಿತೆಂದೇ ಅನ್ನಿಸೀತು.

ಇನ್ನು ಹುಲಿಗಿಯ ಮಾತು. ಆ ಹೆಣ್ಣುಮಗಳು ಹೊಗೆಯನ್ನು ಏಕೆ ಗಮನಿಸಿದಳು, ಪಕ್ಕದಲ್ಲಿದ್ದ ನಮಗೆ ಅದು ಏಕೆ ಕಾಣಲಿಲ್ಲ ಎಂಬ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಕೇಳಿದಾಗ ಅವಳು ಹೇಳಿದ್ದು ಅಣೆಕಟ್ಟೆಯ ಗೇಟಿನ ಕಥೆ.

2024ರ ಆಗಸ್ಟ್ 10, ಶನಿವಾರ ರಾತ್ರಿ. ತುಂಗಭದ್ರಾ ಜಲಾಶಯ ತುಂಬಿತ್ತು. ಅದರ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. 1953ರಲ್ಲಿ ಮುಗಿದ ಅಣೆಕಟ್ಟೆಯಲ್ಲಿ ಅಂಥದು ಹಿಂದೆಂದೂ ಆಗಿರಲಿಲ್ಲ. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿ ಸುಮಾರು ಒಂದು ಲಕ್ಷ ಕ್ಯೂಸೆಕ್ ನೀರನ್ನು ಹೊಳೆಗೆ ಬಿಟ್ಟರು. ಕೆಳಗಿನ ಜಿಲ್ಲೆಗಳ ಹೊಳೆದಂಡೆಯ ಊರುಗಳಿಗೆಲ್ಲ ಎಚ್ಚರಿಕೆ ಹೋಯಿತು. ವಾರದೊಳಗೆ ಕನ್ನಯ್ಯ ನಾಯ್ಡು ಅವರ ಮುಂದಾಳ್ತನದಲ್ಲಿ ಹರಿಯುವ ನೀರಿನಲ್ಲೇ ಕಬ್ಬಿಣದ ತಡೆಗಳನ್ನು ಇಳಿಸಿ ಆ ಬಾಯಿ ಮುಚ್ಚಿದ್ದು ಎಲ್ಲರಿಗೂ ತಿಳಿದಿದೆ. ಆ ನೀರಿನಲ್ಲಿ ನಮ್ಮ ಪಾಲೂ ಇತ್ತು. ನಮ್ಮ ಭದ್ರೆ ಕೂಡ್ಲಿಯಲ್ಲಿ ತುಂಗೆಯನ್ನು ಸೇರಿ, ಹರಿಹರ ಹಾದು, ಆ ಕಟ್ಟೆಗೇ ಹೋಗಿ ನಿಲ್ಲುತ್ತಾಳೆ. ಇಲ್ಲಿ ಆಷಾಢದಲ್ಲಿ ಹಿಡಿದ ಮಳೆಗೆ ಬೋರ್ಡೋ ಹೊಡೆಯಲಾಗದೆ ನಾವು ಕೊಳೆಯ ಚಿಂತೆ ಮಾಡುವಾಗ ಅಲ್ಲಿ ಗೇಟು ಎತ್ತುತ್ತಾರೆ, ಹುಲಿಗೆಮ್ಮನ ಗುಡಿಯ ಮುಂದಿನ ಸ್ನಾನಘಟ್ಟಕ್ಕೆ ನೀರೇರುತ್ತದೆ.

ಆ ರಾತ್ರಿ ಅವಳ ತಾಯಿ ಹುಲಿಗಿಯ ಮನೆಯಲ್ಲಿ ಒಬ್ಬಳೇ ಇದ್ದಳು. ಗೇಟು ಹೋದ ಸುದ್ದಿ ನಮ್ಮ ಲೈನ್ ಮನೆಗೆ ಮುಟ್ಟಿದ್ದು ನಡುರಾತ್ರಿಗೆ. ನಮ್ಮ ತೋಟದಲ್ಲಿ ಫೋನಿನ ಸಿಗ್ನಲ್ ಸಿಗುವುದು ಕಣದ ಒಂದು ಮೂಲೆಯಲ್ಲಿ ಮಾತ್ರ. ಅವಳು ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಸುರಿಯುವ ಮಳೆಯಲ್ಲಿ ಆ ಮೂಲೆಯಲ್ಲಿ ನಿಂತು, ತಾಯಿಯ ಮಗ್ಗುಲು ಮನೆಯವರ ನಂಬರಿಗೆ ಬೆಳಗಿನ ತನಕ ಫೋನು ಹಚ್ಚಿದ್ದಾಳೆ. ಐವತ್ತು ಗಜ ದೂರದಲ್ಲಿ ನಾವು ಹೊದ್ದು ಮಲಗಿದ್ದೆವು, ನಮಗೆ ತಿಳಿಯದು. ಬೆಳಕು ಹರಿದ ಮೇಲೆ ಅವರು ಸಿಕ್ಕರು. ಮುದುಕಿಯನ್ನು ರಾತ್ರಿಯೇ ಎಬ್ಬಿಸಿ ತಮ್ಮ ಮನೆಯಲ್ಲಿ ಮಲಗಿಸಿಕೊಂಡಿದ್ದರು. ನೀರು ಅವರ ಓಣಿಗೆ ಬರಲಿಲ್ಲ.

ಅಂದಿನಿಂದ ಅವಳು ಒಂದು ರೂಢಿ ಮಾಡಿಕೊಂಡಳು. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಕಣದ ಮೂಲೆಗೆ ಹೋಗಿ ಮಗ್ಗುಲು ಮನೆಯಾಕೆಗೆ ಫೋನು ಮಾಡಿ ಒಂದೇ ಮಾತು ಕೇಳುವುದು: "ಅವ್ವ ಬಾಗಿಲಿಗೆ ನೀರು ಹಾಕ್ಯಾಳೇನು?" ಹಾಕಿದ್ದರೆ ಮುದುಕಿ ಎದ್ದಿದ್ದಾಳೆ, ಕೈಕಾಲು ನೆಟ್ಟಗಿದೆ ಎಂದು ಅರ್ಥ. ಹೆಚ್ಚು ಮಾತಿಲ್ಲ, ಅರ್ಧ ನಿಮಿಷದ ಕೆಲಸ. ಸಿಗ್ನಲ್ ಬರುವ ತನಕ ಅಲ್ಲಿ ನಿಂತು ಕಾಯುವಾಗ ಹಳ್ಳದಾಚೆ ನೇರ ಎದುರಿಗೆ ಕಾಣುವುದು ಗೌಡರ ಬಚ್ಚಲಿನ ಹಂಚು, ಅದರ ಸಂದಿಯಿಂದ ಏಳುವ ಹೊಗೆ. ತನ್ನ ತಾಯಿಯ ಸುದ್ದಿಗಾಗಿ ಕಾಯುತ್ತಾ ಅವಳು ಐದು ತಿಂಗಳು ದಿನವೂ ನಮ್ಮ ಗೌಡರನ್ನು ನೋಡಿಕೊಂಡಿದ್ದಳು, ಅವರಿಗೂ ನಮಗೂ ತಿಳಿಯದಂತೆ.

ಕೊಯ್ಲು ಮುಗಿದು, ಕಾಫಿಯ ಹೂಮಳೆಯೂ ಬಿದ್ದ ಮೇಲೆ, ಅವಳ ಕುಟುಂಬ ಊರಿಗೆ ಹೊರಟಾಗ ನಾವೂ ನಮ್ಮ ಮನೆಯವರೂ ಜೀಪಿನಲ್ಲಿ ಜೊತೆಗೆ ಹೋದೆವು. ಹುಲಿಗೆಮ್ಮನ ದರ್ಶನ ಒಂದು ನೆಪ. ಮುನಿರಾಬಾದಿನ ಮಗ್ಗುಲಲ್ಲಿ ಹೊಳೆಯ ಎಡದಂಡೆಯ ಊರು. ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಸುತ್ತಿನಲ್ಲಿ ಮನೆಗೊಬ್ಬ ಹುಲಿಗೆಮ್ಮ, ಇಲ್ಲವೇ ಹುಲುಗಪ್ಪ ಇರುತ್ತಾರೆ. ನಮ್ಮ ಹಾಜರಿ ಪುಸ್ತಕದಲ್ಲೇ ಒಂದು ವರ್ಷ ಮೂವರು ಹುಲಿಗೆಮ್ಮಂದಿರಿದ್ದು ರೈಟರಿಗೆ ಸಂಬಳದ ದಿನ ತಲೆಕೆಟ್ಟುಹೋಗಿತ್ತು.

ಮುದುಕಿಯ ಮನೆ ಒಂದು ಇಕ್ಕಟ್ಟಿನ ಓಣಿಯಲ್ಲಿದೆ. ಮಾಳಿಗೆಯ ಮನೆ, ಮುಂದೆ ಕೂರುವ ಕಟ್ಟೆ, ಎರಡು ಮನೆಗೆ ಒಂದೇ ಗೋಡೆ. ಆಚೆ ಮನೆಯಲ್ಲಿ ರೊಟ್ಟಿ ಬಡಿಯುವುದು ಈಚೆ ಕೇಳುತ್ತದೆ. ಮುದುಕಿ ನಮ್ಮನ್ನು ಕಟ್ಟೆಯ ಮೇಲೆ ಕೂರಿಸಿ ಮಗ್ಗುಲು ಮನೆಯಾಕೆಯನ್ನು ತೋರಿಸಿ ದೂರಿದಳು: "ನೀರು ಹಾಕೂದು ಒಂಚೂರು ತಡ ಆದ್ರ ಸಾಕು, ಈಕಿ ಬಂದು ಬಾಗಿಲಾ ಬಡೀತಾಳ್ರೀ. ಒಂದಿನಾ ನಿದ್ದಿ ಮಾಡಾಕ ಬಿಡೂದಿಲ್ಲ." ಆಕೆಯೂ ಬಿಡಲಿಲ್ಲ: "ನೀ ನಿದ್ದಿ ಮಾಡ್ತಿ, ನಿನ್ನ ಮಗಳು ಅಲ್ಲಿ ಗುಡ್ಡದ ಮ್ಯಾಲ ನಿಂತು ನನ್ನ ಜೀವಾ ತಿಂತಾಳ."

ನಗುವಿನ ನಡುವೆ ನಮ್ಮ ಕಣ್ಣಿಗೆ ಬಿದ್ದದ್ದು ಬೀಗಗಳು. ಓಣಿಯ ಹಲವು ಬಾಗಿಲಿಗೆ ಬೀಗವಿತ್ತು. ಗುಳೆ ಹೋದವರ ಮನೆಗಳು. ಕೆಲವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಕೆಲವರು ನಮ್ಮಂಥವರ ತೋಟಗಳಿಗೆ. ಅಣೆಕಟ್ಟೆಯ ಕೆಳಗೇ ಊರು, ಕಾಲುವೆಯಲ್ಲಿ ನೀರು. ಆದರೆ ಹೊಲವಿಲ್ಲದವರಿಗೆ ಆ ನೀರಿನಿಂದ ಏನು? ನಮ್ಮ ಹಣ್ಣು ಸಮಯಕ್ಕೆ ಕೊಯ್ಲಾಗುವುದು ಈ ಬೀಗಗಳಿಂದ ಎಂಬುದನ್ನು ಬೆಳೆಗಾರರಾದ ನಾವು ಮರೆಯಬಾರದು. ಆ ಮಗ್ಗುಲು ಮನೆಯಾಕೆಯೂ ನಾಳೆ ಮಕ್ಕಳ ಹಿಂದೆ ಹೊರಟರೆ ಮುದುಕಿಯ ಬಾಗಿಲು ಬಡಿಯುವವರು ಯಾರು ಎಂದು ಕೇಳಿದೆವು. ಮಗಳು ಉತ್ತರ ಕೊಡಲಿಲ್ಲ. ಈ ವರ್ಷ ತಾಯಿಯನ್ನು ನಮ್ಮಲ್ಲಿಗೇ ಕರೆತರಲು ಲೈನಿನ ಒಂದು ಕೋಣೆ ದುರಸ್ತಿ ಮಾಡಿಸಿ ಕೊಡುವುದಾಗಿ ನಾವು ಹೇಳಿದ್ದೇವೆ. ಮುದುಕಿ ಒಪ್ಪಿಲ್ಲ. ಹುಲಿಗೆಮ್ಮನನ್ನು ಬಿಟ್ಟು ಮಳೆಯ ಊರಿಗೆ ಬರುವುದಿಲ್ಲವಂತೆ. ಗೌಡರದೇ ಹಟ!

ಊರಿಗೆ ಮರಳಿದ ಮೇಲೆ ಈ ವಿಷಯವನ್ನು ಆಡಳಿತ ಮಂಡಲಿಯ ಮುಂದಿಟ್ಟೆವು. ಒಬ್ಬರು ಇದು ಸಂಘದ ಬೈಲಾದಲ್ಲಿ ಇಲ್ಲ ಎಂದರು. ಇಲ್ಲ, ನಿಜ. ಇನ್ನೊಬ್ಬರು ಸರ್ಕಾರದ ಕೆಲಸ ಎಂದರು. ಅದರಲ್ಲಿಯೂ ನಿಜವಿದೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಅದರ ಕೆಳಗೆ ಕೇಂದ್ರ ಸರ್ಕಾರ ಮಾಡಿದ ಮಾದರಿ ನಿಯಮಗಳಲ್ಲಿ, ಪ್ರತಿ ಪೊಲೀಸ್ ಠಾಣೆಯೂ ತನ್ನ ವ್ಯಾಪ್ತಿಯ ಹಿರಿಯರ, ಅದರಲ್ಲೂ ಒಂಟಿಯಾಗಿರುವವರ ಪಟ್ಟಿ ಇಟ್ಟು, ತಿಂಗಳಿಗೊಮ್ಮೆಯಾದರೂ ಅವರನ್ನು ಕಂಡು ಬರಬೇಕೆಂದು ಹೇಳಿದೆ. ಆದ್ದರಿಂದ ಠಾಣೆಗೆ ಹೋಗಿ ನಮ್ಮ ಕಡೆಯ ಒಂಟಿ ಹಿರಿಯರ ಹೆಸರು ಬರೆಸುವುದು ನಮ್ಮ ಹಕ್ಕು, ಬರೆಸೋಣ. ಆದರೆ ತಿಂಗಳಿಗೊಮ್ಮೆಯ ಭೇಟಿ ಸೊಂಟ ಮುರಿದು ನೆಲದಲ್ಲಿ ಬಿದ್ದವರಿಗೆ ಸಾಲದು. ಅದನ್ನು ದಿನಾ ನೋಡಬಲ್ಲವರು ಪಕ್ಕದವರೇ.

ಜಪಾನಿನಲ್ಲಿ ಯಾಕುಲ್ಟ್ ಎಂಬ ಹುಳಿಹಾಲಿನ ಪಾನೀಯವನ್ನು ಮನೆಮನೆಗೆ ಮಾರುವ ಹೆಂಗಸರು ಒಂಟಿ ವೃದ್ಧರನ್ನು ವಿಚಾರಿಸಿಕೊಂಡು ಬರುವ ಪದ್ಧತಿ 1972ರಲ್ಲಿ ಆರಂಭವಾಯಿತು. ಆಮೇಲೆ ಅಲ್ಲಿನ ಸ್ಥಳೀಯ ಆಡಳಿತಗಳೂ ಅದಕ್ಕೆ ಕೈಜೋಡಿಸಿದವು. ಹೇಗೂ ಬಾಗಿಲಿಗೆ ಹೋಗುವವರು ಬಾಟಲಿ ಕೊಟ್ಟು ಮುಖವನ್ನೂ ನೋಡಿ ಬರುತ್ತಾರೆ. ನಮ್ಮಲ್ಲಿ ಹಾಲಿನ ಡೈರಿಗೆ ಹೋಗುವ ಹುಡುಗ, ಪತ್ರಿಕೆ ಎಸೆಯುವವನು, ಆಶಾ ಕಾರ್ಯಕರ್ತೆ, ಮೀಟರು ಓದುವವನು ಇದ್ದಾರೆ. ಗೌಡರ ಜಗುಲಿಗೆ ಎರಡನೆಯ ದಿನದ ಪತ್ರಿಕೆ ಎಸೆದ ಹುಡುಗ ಮೊದಲನೆಯ ದಿನದ್ದು ಅಲ್ಲೇ ಬಿದ್ದಿರುವುದನ್ನು ನೋಡಿದ್ದನಂತೆ. ಯಾರಿಗೆ ಹೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಈಗ ಗೊತ್ತಿದೆ; ಕಛೇರಿಯ ನಂಬರನ್ನು ಅವನ ಬಳಿ ಬರೆದುಕೊಟ್ಟಿದ್ದೇವೆ.

ಮಂಡಲಿ ಕೊನೆಗೆ ಒಪ್ಪಿ, ಒಂದು ಸಾದಾ ಲೆಡ್ಜರಿನಲ್ಲಿ ಪಟ್ಟಿ ಶುರುವಾಗಿದೆ. ಒಬ್ಬರೇ ಇರುವ ಅಥವಾ ಇಬ್ಬರೂ ಎಪ್ಪತ್ತು ದಾಟಿದ ಸದಸ್ಯರ ಹೆಸರು, ಅವರನ್ನು ನೋಡಿಕೊಳ್ಳುವ ಎರಡು ಮನೆ, ಮಕ್ಕಳ ಫೋನ್ ನಂಬರು, ಬದಲಿ ಕೀಲಿ ಎಲ್ಲಿದೆ, ಮತ್ತು ಗುರುತು ಯಾವುದು. ಈ ಗುರುತಿನ ಬಗ್ಗೆ ಎರಡು ಮಾತು ಹೇಳಬೇಕು. ಹೊಗೆ ಎಲ್ಲರಿಗೂ ಹೊಂದದು. ಹಲವರು ಸೋಲಾರ್ ಹಾಕಿಸಿದ್ದಾರೆ, ಗ್ಯಾಸಿನ ಗೀಸರ್ ಬಂದಿದೆ. ಜಗುಲಿಯ ದೀಪ ಎಂದರೆ ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲ. ಫೋನಿನ ಮಾತಂತೂ ಬೇಡ. ಒಬ್ಬ ಅಮ್ಮ ತುಳಸಿಕಟ್ಟೆಗೆ ಹೂವಿಟ್ಟದ್ದನ್ನೇ ಗುರುತು ಮಾಡಿ ಎಂದರು, ಅದು ಎದುರು ಮನೆಯಿಂದ ಕಾಣುತ್ತದೆ. ಇನ್ನೊಬ್ಬರು ಬೆಳಿಗ್ಗೆ ಎದ್ದೊಡನೆ ಗೇಟಿಗೆ ಕೆಂಪು ಟವೆಲು ಹಾಕಿ ರಾತ್ರಿ ತೆಗೆಯುವುದಾಗಿ ಹೇಳಿದರು. ಅವರವರು ದಿನಾ ಮಾಡುವ ಕೆಲಸದಲ್ಲೇ ಗುರುತು ಇದ್ದರೆ ಉಳಿಯುತ್ತದೆ. ಹೊಸದಾಗಿ ಕಲಿಸಿದ್ದು ಹದಿನೈದು ದಿನಕ್ಕೆ ಮರೆತುಹೋಗುತ್ತದೆ ಎಂಬುದು ನಮ್ಮ ಅನುಭವ.

ಹಿರಿಯರ ಒಪ್ಪಿಗೆಯಿಲ್ಲದೆ ಯಾರ ಹೆಸರನ್ನೂ ಬರೆದಿಲ್ಲ. "ನಾನು ಸತ್ತೆನೋ ಇಲ್ಲವೋ ಎಂದು ಇಣುಕಲು ಬರ್ತೀರಾ?" ಎಂದು ಒಬ್ಬರು ಸಿಟ್ಟಾದರು. ಅವರ ಸಿಟ್ಟು ನ್ಯಾಯವೇ. ಅಂಥವರ ಮನೆಗೆ ವಿಚಾರಿಸಲು ಹೋಗುವುದಕ್ಕಿಂತ ಏನಾದರೂ ಕೇಳಲು ಹೋಗುವುದು ಮೇಲು. ಕತ್ತಿ ಬೇಕಿತ್ತು, ವೀಳ್ಯದೆಲೆ ಇದೆಯೇ, ಮೆಣಸಿಗೆ ಎಲೆ ಹಳದಿಯಾಗಿದೆ ಏನು ಹೊಡೆಯಲಿ ಎಂದು ಕೇಳಿದರೆ, ಅರ್ಧ ಗಂಟೆ ಪಾಠ ಹೇಳಿಯೇ ಕಳಿಸುತ್ತಾರೆ. ಮೆಣಸಿನ ವಿಷಯದಲ್ಲಿ ಆ ಪಾಠ ಕೇಳುವಂಥದ್ದೇ.

ಬಾಗಿಲು ತೆಗೆಯದಿದ್ದಾಗ ಏನು ಮಾಡಬೇಕೆಂಬುದನ್ನೂ ಪಟ್ಟಿಯಲ್ಲೇ ಬರೆಸಿಕೊಳ್ಳುತ್ತಿದ್ದೇವೆ. ಗುರುತು ಕಾಣದಿದ್ದ ದಿನವೇ, ಹತ್ತು ಗಂಟೆಯೊಳಗೆ, ಹೋಗಿ ಕೂಗುವುದು. ಉತ್ತರವಿಲ್ಲದಿದ್ದರೆ ಕಿಟಕಿ, ಹಿಂಬಾಗಿಲು, ಬಚ್ಚಲು, ಕೊಟ್ಟಿಗೆ, ಕೆರೆಯ ದಾರಿ, ಪಂಪ್‌ಸೆಟ್ಟಿನ ಮನೆ ನೋಡುವುದು. ಬದಲಿ ಕೀಲಿ ಇದ್ದರೆ ಇಬ್ಬರು ಕೂಡಿ ತೆಗೆಯುವುದು. ಒಳಗಿನಿಂದ ಅಗುಳಿಯಿದ್ದರೆ 112ಕ್ಕೆ ತಿಳಿಸಿ, ಮಕ್ಕಳಿಗೆ ತಿಳಿಸಿ, ಅವರು ಸಿಗುವ ತನಕ ಕಾಯದೆ ಹಂಚು ತೆಗೆಯುವುದು. ಹಂಚು ತೆಗೆಯಲು ಅನುಮತಿ ಕೊಟ್ಟಿದ್ದೇನೆಂದು ಹಿರಿಯರೂ ಮಕ್ಕಳೂ ಮೊದಲೇ ಸಹಿ ಮಾಡಿರುತ್ತಾರಾದ್ದರಿಂದ ಅಂಗಳದಲ್ಲಿ ನಿಂತು ನಮ್ಮ ಹಾಗೆ ಚರ್ಚೆ ಮಾಡಬೇಕಾಗಿಲ್ಲ. ಬಿದ್ದವರು ನೋವೆಂದರೆ ಎಳೆದು ಕೂರಿಸಬಾರದು. ಬೆಚ್ಚಗೆ ಹೊದಿಸಿ 108ಕ್ಕೆ ಹೇಳಿ, ಹಲಗೆಯ ಮೇಲೆ ಸಾಗಿಸಬೇಕು. ಪಿಂಚಣಿ, ಕಾನೂನು, ಮನೆಯಲ್ಲಿ ಕಿರುಕುಳ ಮುಂತಾದ ವಿಷಯಗಳಿಗೆ 14567 ಎಂಬ ಹಿರಿಯರ ಸಹಾಯವಾಣಿ 2021ರಿಂದ ದೇಶಾದ್ಯಂತ ಇದೆ, ಕರೆಗೆ ಶುಲ್ಕವಿಲ್ಲ.

ಪಟ್ಟಿಗೆ ಹೆಸರು ಕೊಡುವವರು ಸಂತೆಯ ದಿನ ಕಛೇರಿಗೆ ಬರಬಹುದು. ಬರಲಾಗದವರ ಮನೆಗೆ ನಾವೇ ಬರುತ್ತೇವೆ, ಮೃಗಶಿರಾ ಮಳೆ ಹಿಡಿಯುವ ಮೊದಲು ಈ ಕೆಲಸ ಮುಗಿಯಬೇಕು. ಅಂಗಳದ ಪಾಚಿಗೆ ಸುಣ್ಣ ಹಾಕಿ ಉಜ್ಜಿಸುವುದನ್ನೂ ಬಚ್ಚಲಿನ ದಾರಿಯಲ್ಲಿ ಒಂದು ಹಿಡಿಗೂಟ ನೆಡಿಸುವುದನ್ನೂ ಆಗಲೇ ಮಾಡಿಸಿಕೊಳ್ಳಿರಿ. ಲೆಡ್ಜರಿನ ಮೊದಲ ಪುಟ ತುಂಬಿ ಎರಡನೆಯದು ನಡೆದಿದೆ. ಗೌಡರ ಹೆಸರನ್ನು ಹೊಡೆದುಹಾಕಿಲ್ಲ. ಕೊಯ್ಲಿಗೆ ಬಂದು ಹದಿನೈದು ದಿನ ಇದ್ದು ಹೋಗುತ್ತೇನೆಂದು ಫೋನಿನಲ್ಲಿ ಹೇಳಿದ್ದಾರೆ. ಅವರ ಮನೆಗೆ ನೋಡಿಕೊಳ್ಳುವ ಮನೆ ಎಂಬ ಕಲಮಿನಲ್ಲಿ ನಮ್ಮ ಹೆಸರಿದೆ, ಅದರ ಪಕ್ಕದಲ್ಲಿ ಹುಲಿಗಿಯ ಹೆಣ್ಣುಮಗಳು ತನ್ನ ಹೆಸರನ್ನು ತಾನೇ ದಪ್ಪ ಅಕ್ಷರದಲ್ಲಿ ಬರೆದಿದ್ದಾಳೆ.